ಕಿರ್ರುಮೆಟ್ಟು

ನಮ್ಮ ಸಿರಿ ಇವತ್ತು ನಡೆದಳು. ಗೋಡೆ ಹಿಡಿದು ಅಲ್ಲ, ನನ್ನ ಸೆರಗು ಹಿಡಿದೂ ಅಲ್ಲ. ಕೈ ಬಿಟ್ಟು, ತಾನೇ ತಾನಾಗಿ ನಡೆದಳು. ಅದೂ ಯಾವ ಬೀದಿಯಲ್ಲಿ ಅಂತೀರಿ, ನಾನು ಹುಟ್ಟಿದ ಊರಿನ ದೊಡ್ಡಬೀದಿಯಲ್ಲಿ. ಕಾಲಿಗೆ ಶೂ ಹಾಕ್ಕೊಂಡು. ಹೆಜ್ಜೆ ಇಟ್ಟಾಗೆಲ್ಲ ಪೀಂ ಅಂತ ಕೂಗೋ ಶೂ, ಹಿಮ್ಮಡಿಯಲ್ಲಿ ಕೆಂಪು ದೀಪ ಬೇರೆ ಹತ್ತುತ್ತೆ. ಈ ಮಾತನ್ನ ಯಾರಿಗಾದರೂ ಹೇಳದೇ ಇದ್ದರೆ ನನಗೆ ಅನ್ನ ಇಳಿಯಲ್ಲ.

ಸಿರಿ ನನ್ನ ಮಗ ಮಂಜನ ಮಗಳು. ನಮ್ಮ ಮನೆಗೆ ಮೊದಲನೇ ಮೊಮ್ಮಗಳು. ಆ ಶೂ ಕೊಡಿಸಿದ್ದು ನಾನೇ, ಹೊಸದುರ್ಗದ ಸಾಬರ ಅಂಗಡಿಯಲ್ಲಿ. ಸಾಬರು ಒಂದು ಶೂ ಕೈಯಲ್ಲಿ ಹಿಡಿದು ಅಮುಕಿದರು. ಪೀಂ ಅಂತು. "ತಗಳ್ರಿ ಅಜ್ಜಿ, ಇದನ್ನ ಹಾಕಿಬಿಟ್ರೆ ಮಗು ಎಲ್ಲಿಗೆ ಹೋದ್ರೂ ಇಡೀ ಊರಿಗೆ ಗೊತ್ತಾಗ್ತೈತೆ" ಅಂತ ನಕ್ಕರು. ನಾನು ನಗಲಿಲ್ಲ. ಮಗು ಎಲ್ಲಿಗೆ ಹೋದರೂ ಇಡೀ ಊರಿಗೆ ಗೊತ್ತಾಗೋ ಅಂಥ ಮೆಟ್ಟು ನನ್ನ ಕಾಲಲ್ಲೂ ಒಂದಿತ್ತು. ಒಂದು ಬೇಸಿಗೆಯ ಅರ್ಧದವರೆಗೆ.

ಆಗೆಲ್ಲ ಕಾಲಿಗೆ ಹಾಕೋದು ಅಂಗಡಿಯಲ್ಲಿ ಸಿಗ್ತಿರಲಿಲ್ಲ ನೋಡ್ರಿ. ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರುತ್ತೆ. ಊರಿಗೊಬ್ಬ ಹೊಲಿಯೋನು ಇರೋನು, ಅವನ ಮುಂದೆ ಕಾಲು ಇಟ್ಟರೆ ಇದ್ದಿಲಲ್ಲಿ ಗೆರೆ ಎಳಕೊಳ್ಳೋನು. ನಮ್ಮೂರಲ್ಲಿ ಹಾಗೆ ಗೆರೆ ಎಳಕೊಳ್ಳೋನು ನಮ್ಮಪ್ಪ. ಮತ್ತೋಡಿನ ಆಚೆ ಒಂದು ಸಣ್ಣ ಊರು. ಹೆಸರು ಬರೆಯಲ್ಲ, ನನ್ನ ತಮ್ಮ ತಿಪ್ಪೇಶ ಇನ್ನೂ ಅಲ್ಲೇ ಬಾಳ್ವೆ ಮಾಡ್ತಾ ಇದ್ದಾನೆ. ಊರಿಂದ ಆಚೆಗೆ ನಮ್ಮ ಹಟ್ಟಿ. ತೊಗಲು ಹದ ಆಗಲಿ ಅಂತ ತಂಗಡಿ ಗಿಡದ ಚಕ್ಕೆ ನೆನೆಹಾಕಿದ ನೀರಲ್ಲಿ ಮುಳುಗಿಸಿಡ್ತಿದ್ದರು. ಆ ಒಗರು ವಾಸನೆ, ಅದರ ಮೇಲೆ ಹೊಂಗೆ ಎಣ್ಣೆ ವಾಸನೆ, ಅವ್ವ ಸುಡೋ ಸಜ್ಜೆ ರೊಟ್ಟಿ ವಾಸನೆ, ಮೂರೂ ಸೇರಿದರೆ ಅದು ನನ್ನ ಬಾಲ್ಯ. ಊರಿನವರು ಮೂಗು ಮುಚ್ಚಿಕೊಂಡು ಬಂದು ಮೆಟ್ಟು ತಗೊಂಡು ಹೋಗೋರು. ಮೂಗು ಮುಚ್ಚಿಕೊಳ್ಳೋಕೆ ಒಂದು ಕೈ, ಮೆಟ್ಟು ಹಿಡಿಯೋಕೆ ಒಂದು ಕೈ. ನಮಗೆ ಅದನ್ನು ನೋಡಿದರೆ ನಗು ಬರೋದು.

ಇಡೀ ಊರಿಗೆ ಮೆಟ್ಟು ಹೊಲಿದುಕೊಡೋನ ಮಕ್ಕಳು ನಾವು ಬರಿಗಾಲು. ಜಾಲಿಮುಳ್ಳು ಚುಚ್ಚಿದರೆ ಅವ್ವ ಪಿನ್ನಲ್ಲಿ ಕೆದಕಿ ತೆಗೆದು ಎಕ್ಕದ ಹಾಲು ಬಿಡೋಳು. ಕುಂಟಾಬಿಲ್ಲೆ ಆಡುವಾಗ ಯಾವ ಕಾಲಲ್ಲಿ ಮುಳ್ಳು ಮುರಿದೈತೋ ಆ ಕಾಲು ಮೇಲೆತ್ತಿಕೊಂಡು ಕುಂಟೋದು, ಅಷ್ಟೇ ಉಪಾಯ.

ಹಟ್ಟಿಯಿಂದ ಶಾಲೆಗೆ ಹೋಗಬೇಕಾದರೆ ದೊಡ್ಡಬೀದಿ ದಾಟಬೇಕಿತ್ತು. ಬೀದಿ ಶುರುವಾಗೋ ಕಡೆ ಒಂದು ಬೇವಿನಮರ. ನಮ್ಮವರು ಯಾರೇ ಆಗಲಿ ಆ ಮರದ ಹತ್ರ ಮೆಟ್ಟು ಬಿಚ್ಚಿ ಕಂಕುಳಲ್ಲಿ ಇಟ್ಕೊಂಡು ಬೀದಿ ದಾಟಬೇಕು. ಆಚೆ ತುದಿಗೆ ಹೋದಮೇಲೆ ಮತ್ತೆ ಹಾಕ್ಕೊಬೇಕು. ಯಾರೂ ಬರೆದು ಹಾಕಿರಲಿಲ್ಲ. ಸೂರ್ಯ ಮೂಡೋ ಹಾಗೆ ಅದೂ ಒಂದು ಅಂತ ನಾವು ತಿಳಕೊಂಡಿದ್ದೆವು. ಮದುವೆ ಆಗಿ ಬಂದ ಹೊಸ ಅಳಿಯನೂ ಆ ಮರದ ಹತ್ರ ಬಗ್ಗೋನು.

ದೊಡ್ಡಮನೆ ಯಜಮಾನರಿಗೆ ಮಾತ್ರ ಅಪ್ಪ ಬೇರೆ ಥರದ ಮೆಟ್ಟು ಮಾಡೋನು. ಎರಡು ತೊಗಲಿನ ನಡುವೆ ಗುಡ್ಡದ ಕಡೆಯಿಂದ ತಂದ ಯಾವುದೋ ಗಿಡದ ಒಣಬೀಜ ಇಟ್ಟು ಹೊಲಿಯೋನು. ನಡೆದರೆ ಕಿರ್ರ್, ಕಿರ್ರ್ ಅನ್ನೋದು. ನಾವು ಅದಕ್ಕೆ ಕಿರ್ರುಮೆಟ್ಟು ಅಂತಿದ್ದೆವು. ಇಡೀ ಊರಲ್ಲಿ ಒಬ್ಬರ ಕಾಲಿಗೇ ಅದು. ದೂರದಿಂದ ಕಿರ್ರ್ ಅಂದರೆ ಸಾಕು, ಬೀಡಿ ಸೇದೋರು ಬೀಡಿ ಮುಚ್ಚಿಕೊಳ್ಳೋರು, ಜಗಲಿ ಮೇಲೆ ಕೂತವರು ಎದ್ದು ನಿಲ್ಲೋರು. ಮುಖ ಆಮೇಲೆ ಕಾಣೋದು, ಕಾಲಿನ ಸದ್ದಿಗೇ ಊರು ಎದ್ದು ನಿಂತುಬಿಡೋದು.

ಆ ಬೇಸಿಗೆ ದೊಡ್ಡಮನೆಯಲ್ಲಿ ಮದುವೆ ಇತ್ತು. ಅಪ್ಪ ಮದುಮಗನಿಗೂ ಕಿರ್ರುಮೆಟ್ಟು ಹೊಲಿದ. ಚೂರು ತೊಗಲು ಮಿಕ್ಕಿತ್ತು. ನಾನು ಅಪ್ಪನ ಪಕ್ಕ ಕೂತು ಬೀಜಗಳನ್ನ ಕೈಯಲ್ಲಿ ಗಲಗಲ ಅನ್ನಿಸ್ತಾ ಕೇಳಿದೆ.

"ಅಪ್ಪಾ, ನಂಗೂ ಒಂದು ಜೊತೆ."

"ಹೊಲ್ಕೊಡ್ತೀನಿ ಬಿಡು."

"ಕಿರ್ರ್ ಅನ್ನೋದೇ ಬೇಕು."

ಅವ್ವ ಒಲೆ ಮುಂದಿಂದ, "ಅದೊಂದು ಕಡಿಮೆಯಾಗಿತ್ತು. ತೆಪ್ಪಗೆ ಹೊಲ್ಕೊಡ್ರಿ ಸಾಕು" ಅಂದಳು.

ಅಪ್ಪ ಒಂದಷ್ಟು ಬೀಜ ಆರಿಸಿ ಎಡಗೈಲಿ ಇಟ್ಕೊಂಡ. ಅವ್ವ ಅತ್ಲಾಗೆ ತಿರುಗಿದಾಗ ನನ್ನ ಮೆಟ್ಟಿನ ತೊಗಲ ಮಧ್ಯೆ ಸುರಿದು ಬೆರಳಲ್ಲಿ ಹರವಿದ. ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಅಪ್ಪ ಹಾಗೆ ಹುಬ್ಬು ಹಾರಿಸಿದ್ದು ನಾನು ಮತ್ತೆ ನೋಡಲೇ ಇಲ್ಲ.

ಹೊಲಿದುಕೊಟ್ಟು ಹೇಳಿದ. "ಹಟ್ಟಿಯೊಳಗೆ ಎಷ್ಟು ಬೇಕಾದ್ರೂ ಮೆಟ್ಟು. ಬೇವಿನಮರದ ಹತ್ರ ಬಿಚ್ಚು. ತಿಳೀತಾ?"

"ತಿಳೀತು."

ಹಾಕ್ಕೊಂಡು ಹಟ್ಟಿಯೆಲ್ಲ ಸುತ್ತಿದೆ. ಹುಡುಗರೆಲ್ಲ ನೆಲಕ್ಕೆ ಕಿವಿ ಇಟ್ಟು, "ಇನ್ನೊಂದ್ಸಲ ನಡಿಯೇ" ಅನ್ನೋರು. ಪಕ್ಕದ ಗುಡಿಸಲ ಕೆಂಚಜ್ಜಿ ಸೊಪ್ಪು ಸೋಸ್ತಾ ಕೂತಿದ್ದೋಳು ಸರಕ್ಕನೆ ಸೆರಗು ಹೊದ್ದುಕೊಂಡು ಎದ್ದು ನಿಂತಳು. ನನ್ನ ನೋಡಿ ಸೊಪ್ಪಿನ ಕಡ್ಡಿ ಎಸೆದಳು. "ಥೂ ನಿನ್ನ. ಯಜಮಾನ್ರು ಬಂದ್ರು ಅಂತ ಮಂಡಿ ನೋವಲ್ಲೂ ಎದ್ದೆ ಕಣೆ. ನೋಡಿದ್ರೆ ಮೂಗು ಸೋರಿಸ್ಕೊಂಡು ನೀನು." ಹಟ್ಟಿಯೆಲ್ಲ ನಕ್ಕಿತು. ಕೆಂಚಜ್ಜಿಯೂ ನಕ್ಕಳು. ಆಮೇಲೆ ದಿನಾ ನನ್ನ ಕಂಡರೆ ಬೇಕಂತಲೇ ಎದ್ದು, "ಬರ್ರಿ ಯಜಮಾನ್ರೆ, ಕುಂತ್ಕಳ್ರಿ" ಅನ್ನೋಳು.

ಶಾಲೆಗೆ ಹೋಗುವಾಗ ಮಾತು ಕೊಟ್ಟ ಹಾಗೆ ಮರದ ಹತ್ರ ಬಿಚ್ಚುತ್ತಿದ್ದೆ. ಬೆಳಗ್ಗೆ ಮಣ್ಣು ತಣ್ಣಗಿರೋದು, ತೊಂದರೆ ಇರಲಿಲ್ಲ. ಬೇಸಿಗೆಗೆ ಶಾಲೆ ಮಧ್ಯಾಹ್ನಕ್ಕೇ ಬಿಡೋರು. ಬರುವಾಗ ಬೀದಿ ಕಾದ ಹೆಂಚು. ಒಂದು ದಿನ ಹೀಗೇ ಕಂಕುಳಲ್ಲಿ ಮೆಟ್ಟು ಇಟ್ಕೊಂಡು, ಗೋಡೆಯ ಪಕ್ಕ ಗೇಣು ನೆರಳು ಇದ್ದ ಕಡೆ ಕಾಲಿಡ್ತಾ ಬರ್ತಿದ್ದೆ. ನಡುಬೀದಿಗೆ ಬರುವಾಗ ನೆರಳು ಮುಗೀತು. ಅಂಗಾಲು ಚುರುಗುಟ್ಟಿ ಕಣ್ಣಲ್ಲಿ ನೀರು ಬಂತು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ನನ್ನ ಕಾಲು ಸುಡ್ತಾ ಐತೆ, ನನ್ನ ಮೆಟ್ಟು ನನ್ನ ಕಂಕುಳಲ್ಲೇ ಐತೆ. ಹಾಕ್ಕೊಂಡೆ. ಈಗಲೂ ಕೇಳಿದರೆ ಅದನ್ನೇ ಹೇಳ್ತೀನಿ. ಕಾಲು ಸುಡ್ತಿತ್ತು, ಹಾಕ್ಕೊಂಡೆ.

ಕಿರ್ರ್, ಕಿರ್ರ್, ಕಿರ್ರ್.

ಅಂಗಡಿ ರುದ್ರಣ್ಣ ಅಂತ ಒಬ್ಬ ಇದ್ದ. ಬೆಲ್ಲ, ಬೀಡಿ, ಸೀಮೆಎಣ್ಣೆ ಮಾರೋನು. ಊಟ ಮಾಡಿ ಜಗಲಿ ಮೇಲೆ ಮಲಗಿದ್ದನಂತೆ. ಸದ್ದು ಕಿವಿಗೆ ಬಿದ್ದದ್ದೇ ಪಂಚೆ ಸರಿಮಾಡ್ಕೊಂಡು, ಬಾಯಲ್ಲಿದ್ದ ಎಲೆಅಡಿಕೆ ಉಗಿದು, ಕಣ್ಣು ಪೂರ್ತಿ ಬಿಡೋಕೆ ಮುಂಚೆನೇ ಕೈ ಮುಗಿದು ಎದ್ದು ನಿಂತ.

"ಬರ್ರಿ ಯಜಮಾನ್ರೆ, ಬಿಸಿಲಲ್ಲಿ..." ಅಂದ.

ಎದುರಿಗೆ ನಾನು.

ಎದುರುಮನೆ ಜಗಲಿ ಮೇಲೆ ಮಲಗಿದ್ದ ಇಬ್ಬರು ಮೊದಲು ನಕ್ಕರು. "ಏನ್ ರುದ್ರಣ್ಣ, ಯಾರಿಗೋ ಕೈ ಮುಗಿದೆ?" ಅಂದ ಒಬ್ಬ. ಕೆಂಚಜ್ಜಿ ನಕ್ಕ ಹಾಗೆ ಇವನೂ ನಗ್ತಾನೆ ಅಂತ ನಾನೂ ಹಲ್ಲು ಬಿಟ್ಟೆ. ಅವನು ನಗಲಿಲ್ಲ. ಮುಗಿದಿದ್ದ ಕೈ ಹಾಗೇ ಎದೆ ಹತ್ರ ನಿಂತಿತ್ತು, ಎಲ್ಲಿಡಬೇಕು ಅಂತ ಗೊತ್ತಾಗದ ಹಾಗೆ. ಆಮೇಲೆ ಅದೇ ಕೈ ನನ್ನ ಕೆನ್ನೆಗೆ ಬಂತು.

ಸಂಜೆ ಅಪ್ಪನನ್ನ ಕಟ್ಟೆ ಹತ್ರ ಕರೆಸಿದರು. "ರಂಪಿಗೆ ತಗೊಂಡು ಬಾ" ಅಂತಲೂ ಹೇಳಿಕಳಿಸಿದ್ದರು. ರಂಪಿಗೆ ಅಂದರೆ ತೊಗಲು ಕೊಯ್ಯೋ ಅಪ್ಪನ ಕತ್ತಿ. ನನ್ನನ್ನೂ, ಮೆಟ್ಟನ್ನೂ ತರಬೇಕು ಅಂತ. ಯಜಮಾನರು ಕಟ್ಟೆ ಮೇಲೆ ಕೂತಿದ್ದರು, ಪಕ್ಕದಲ್ಲಿ ಕೆಳಗೆ ರುದ್ರಣ್ಣ. ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ನನ್ನ ಮೆಟ್ಟೊಂದೇ ಕಿರ್ರ್ ಅನ್ಬೇಕು ಅಂತ ನಂದೇನೂ ಇಲ್ಲ ಕಣೋ. ಊರು ಅಂದಮೇಲೆ ಒಂದು ರೀತಿ ಇರ್ತೈತೆ. ಇವನನ್ನ ನೋಡು, ನಿನ್ನ ಮಗಳಿಗೆ ಕೈ ಮುಗಿದ ಅಂತ ಊಟ ಬಿಟ್ಟು ಕೂತವನೆ" ಅಂದರು.

"ಮಗು ಸ್ವಾಮಿ. ಕಾಲು ಸುಡ್ತು ಅಂತ ಹಾಕ್ಕೊಂತು" ಅಂದ ಅಪ್ಪ.

"ಸುಟ್ಟಿದ್ದು ನಿನ್ನ ಮಗಳ ಕಾಲು. ಹೋಗಿದ್ದು ನನ್ನ ಮರ್ಯಾದೆ" ಅಂದ ರುದ್ರಣ್ಣ. "ಆ ಮೆಟ್ಟನ್ನ ಅವನ ಕೈಯಿಂದಲೇ ಕೊಯ್ಸಿ ಸ್ವಾಮಿ."

ಅಪ್ಪ ನೆಲದ ಮೇಲೆ ಕೂತ. ಹೊಲಿಗೆ ಬಿಚ್ಚಬಹುದಿತ್ತು, ಬಿಚ್ಚಲಿಲ್ಲ. ಅಡ್ಡಕ್ಕೆ ಕೊಯ್ದ. ಒಳ್ಳೆ ತೊಗಲು, ಬೇಗ ಬರಲಿಲ್ಲ, ಮೊಣಕಾಲಲ್ಲಿ ಒತ್ತಿ ಹಿಡಿಯಬೇಕಾಯಿತು. ಬೀಜ ಧೂಳಿಗೆ ಉದುರಿದವು. ಯಾರದೋ ಮನೆ ಕೋಳಿ ಬಂದು ಒಂದನ್ನ ಕುಕ್ಕಿ, ರುಚಿಯಿಲ್ಲ ಅಂತ ಬಿಟ್ಟು ಹೋಯಿತು. ನಾನು ಅಪ್ಪನ ಮುಖ ನೋಡದೆ ಆ ಕೋಳಿಯನ್ನೇ ನೋಡ್ತಾ ಇದ್ದೆ.

ಮಾರನೇ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಶಾಲೆ ಆ ಬೀದಿಯ ಆಚೆಗಿತ್ತು, ಅಷ್ಟೇ. ನಾಕನೇ ಕ್ಲಾಸಿನ ಓದು ಅಲ್ಲಿಗೆ ನಿಂತಿತು. ಈಗ ಬರೆಯೋ ಅಕ್ಷರ ಸೊಟ್ಟ ಇದ್ದರೆ ಆ ಬೀದಿಯನ್ನ ಕೇಳಿ.

ಅಪ್ಪ ಆಮೇಲೂ ಯಜಮಾನರಿಗೆ ಮೆಟ್ಟು ಹೊಲಿದ. ಬಿಟ್ಟರೆ ಹೊಟ್ಟೆಗೆ? ಆದರೆ ಅವರ ಕಾಲಲ್ಲಿ ಮತ್ತೆ ಸದ್ದು ಬರಲಿಲ್ಲ. "ಏನೋ, ಈ ಸಲ ಮೆಟ್ಟು ಮೂಕಾಗೈತಲ್ಲೋ" ಅಂತ ಯಜಮಾನರು ಕೇಳಿದಾಗ ಅಪ್ಪ ತಲೆ ತಗ್ಗಿಸಿ, "ಆ ಬೀಜ ಈಗ ಸಿಗಾಕಿಲ್ಲ ಸ್ವಾಮಿ" ಅಂದ. ಬೀಜ ನಮ್ಮ ಅಟ್ಟದ ಮೇಲೆ ಕುಡಿಕೆಯಲ್ಲಿ ತುಂಬಿತ್ತು. ನನಗೆ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಅಪ್ಪ ಸಾಯೋ ತನಕ ಅದನ್ನ ಅಟ್ಟದಿಂದ ಇಳಿಸಲಿಲ್ಲ. ಯಜಮಾನರೂ ಆಮೇಲೆ ಎಲ್ಲರ ಹಾಗೆ ಸದ್ದಿಲ್ಲದೆ ನಡೆದು, ಸದ್ದಿಲ್ಲದೆ ಹೋದರು.

ಇವತ್ತು ತಿಪ್ಪೇಶನ ಮನೆಗೆ ಅಂತ ಎಲ್ಲರೂ ಹೋಗಿದ್ದೆವು. ನಮ್ಮ ಮನೆಯವರು, ಮಂಜ, ಸೊಸೆ ರೇಖಾ, ಸಿರಿ, ನಾನು. ಬೇವಿನಮರ ಕಡಿದು ಎಷ್ಟೋ ಕಾಲ ಆಯಿತು. ಅಲ್ಲಿ ಈಗ ನಾಣ್ಯ ಹಾಕಿದರೆ ನೀರು ಬರೋ ಫಿಲ್ಟರ್ ಐತೆ. ತಿಪ್ಪೇಶ ನಮ್ಮನ್ನ ಎದುರುಗೊಳ್ಳೋಕೆ ಬಂದಿದ್ದ. "ಬೀದಿಯಲ್ಲೇ ನಡ್ಕೊಂಡು ಹೋಗಾಣ ಬಾರಕ್ಕ, ಅಂಗಡಿ ಕಡೆಯಿಂದ ಮಗೀಗೆ ಏನಾದ್ರೂ ಕೊಡಿಸ್ತೀನಿ" ಅಂದ. ಮಂಜ ಸಿರಿಯನ್ನ ಕೆಳಗಿಳಿಸಿದ. ಅವಳು ಒಂದು ಗಳಿಗೆ ನಿಂತಳು. ಸಿಮೆಂಟು ರಸ್ತೆ ನುಣ್ಣಗಿತ್ತು. ಪೀಂ ಅಂತು. ತಾನೇ ಬೆಚ್ಚಿ ಕಾಲು ನೋಡ್ಕೊಂಡಳು. ಮತ್ತೆ ಪೀಂ. ಆಮೇಲೆ ನಿಲ್ಲಲಿಲ್ಲ.

ರೇಖಾ ಓಡೋಕೆ ಹೋದಳು. ನಾನು ತಡೆದೆ. ಆಗ ಅವಳು ನನ್ನ ಕಡೆ ನೋಡಿ, "ಯಾಕತ್ತೆ, ಚಪ್ಪಲಿ ಕಂಕುಳಲ್ಲಿ ಇಟ್ಕೊಂಡಿದ್ದೀರ?" ಅಂದಳು. ಯಾವಾಗ ಬಿಚ್ಚಿದೆನೋ ನನಗೇ ಗೊತ್ತಿಲ್ಲ. "ಉಂಗುಷ್ಟದ ಪಟ್ಟಿ ಕಿತ್ತೋಗೈತೆ" ಅಂದೆ.

ಅಂಗಡಿ ಜಗಲಿ ಮೇಲೆ ರುದ್ರಣ್ಣನ ಮಗ ಮೊಬೈಲು ನೋಡ್ತಾ ಕೂತಿದ್ದ. ಅವನಿಗೂ ತಲೆ ನೆರೆತಿದೆ. ಸಿರಿ ಚರಂಡಿ ಕಡೆ ವಾಲಿದಳು. ಪೀಂ ಪೀಂ ಅನ್ನೋದಕ್ಕೆ ತಲೆಯೆತ್ತಿದವನು ತಟ್ಟನೆ ಎದ್ದು ನಿಂತ. ಹೌದು, ಎದ್ದು ನಿಂತ. ಕೈ ಚಾಚಿ, "ಬಾರೆ ಪುಟ್ಟಿ, ಬೀಳ್ತೀಯ. ಯಾರ ಮಗು ಇದು?" ಅಂದ. ತಿಪ್ಪೇಶ, "ನಮ್ಮಕ್ಕನ ಮೊಮ್ಮಗಳು" ಅಂದ.

ಚಾಚಿದ ಕೈ ಅಲ್ಲೇ ನಿಂತಿತು. ಆಮೇಲೆ ನಿಧಾನಕ್ಕೆ ಮೊಬೈಲಿಗೆ ವಾಪಸ್ಸು ಹೋಯಿತು. "ಓ, ನಿಮ್ಮ ಕಡೇದಾ" ಅಂದು ಕೂತ. ಅವನ ಅಪ್ಪನ ಕೈಯೂ ಹೀಗೇ ನಡುವೆ ನಿಂತಿತ್ತು. ಇವನದು ಕೆನ್ನೆಗೆ ಬರಲಿಲ್ಲ, ಅಷ್ಟೇ ಈ ಊರು ಮುಂದೆ ಬಂದಿರೋದು. ಸಿರಿಗೆ ಅದೆಲ್ಲ ಏನು ಗೊತ್ತು. ಅವಳು ತಾನೇ ಸರಿಯಾಗಿ ನಿಂತು, ಬೀದಿಯ ಆ ತುದಿವರೆಗೂ ಶೂ ಕೂಗಿಸಿಕೊಂಡು ಹೋದಳು. ನಾನು ಬರಿಗಾಲಲ್ಲಿ ಅವಳ ಹಿಂದೆ.

ರಾತ್ರಿ ಊಟಕ್ಕೆ ತಿಪ್ಪೇಶನ ಮನೆಯಲ್ಲಿ ಎಲ್ಲರೂ ಸಾಲಾಗಿ ಕೂತೆವು. ರಾಗಿಮುದ್ದೆ, ಹುರುಳಿ ಸಾರು, ಸಿರಿ ನಡೆದಳು ಅಂತ ಒಂದು ಪಾಯಸ. ರೇಖಾ ಮಗುವಿನ ಶೂ ಬಿಚ್ಚೋಕೆ ಬಂದಳು, ಊಟಕ್ಕೆ ಕೂತಾಗ ಬೇಡ ಅಂತ. "ಬಿಡವ್ವ, ಇವತ್ತೊಂದಿನ ಇರ್ಲಿ" ಅಂದೆ. ನಮ್ಮ ಮನೆಯವರು ನನ್ನ ಮುಖ ನೋಡಿ ಮಗುವನ್ನ ಎತ್ತಿ ನನ್ನ ಮಡಿಲಿಗೆ ಕೂರಿಸಿದರು.

ನಾನು ತಿಪ್ಪೇಶನನ್ನ ಕೇಳಿದೆ. "ಅಟ್ಟದ ಕುಡಿಕೆ ಏನಾಯ್ತೋ?"

"ಮನೆ ಕಟ್ಟಿಸುವಾಗ ಮಣ್ಣಿನ ಜೊತೆ ಹೋಯ್ತು ಕಣಕ್ಕ. ಯಾವ ಗಿಡದ ಬೀಜ ಅಂತ ಅಪ್ಪನ್ನ ಕೇಳ್ಲೇ ಇಲ್ವಲ್ಲ ನಾವು."

ಕೇಳಲಿಲ್ಲ. ಗುಡ್ಡದ ಮೇಲೆ ಆ ಗಿಡ ಇನ್ನೂ ಇರಬಹುದು, ಗುರುತು ಹಿಡಿಯೋರು ಯಾರೂ ಇಲ್ಲ. ತಂಗಡಿ ಚಕ್ಕೆ ವಾಸನೆ ಹೋಯಿತು. ಹುಬ್ಬು ಹಾರಿಸಿದ ಅಪ್ಪ ಹೋದ. ಇವತ್ತಿನ ಸದ್ದು ಕೇಳಬೇಕಾದವನು ಅವನೊಬ್ಬನೇ ಆಗಿದ್ದ.

ಅಷ್ಟರಲ್ಲಿ ಸಿರಿ ನನ್ನ ಮಡಿಲಲ್ಲಿ ಕಾಲು ಜಾಡಿಸಿದಳು. ಪೀಂ ಅಂತು. ತಿಪ್ಪೇಶ ಮುದ್ದೆ ಮುರಿದ ಕೈಯಲ್ಲೇ ಎದ್ದು ನಿಂತ. "ಬರ್ರಿ ಯಜಮಾನ್ರೆ, ಕುಂತ್ಕಳ್ರಿ" ಅಂದ, ಥೇಟು ಕೆಂಚಜ್ಜಿಯ ದನಿಯಲ್ಲಿ. ಮಂಜನಿಗೆ, ರೇಖಾಗೆ ಏನೂ ತಿಳಿಯಲಿಲ್ಲ, ಮಾವ ಎದ್ದರು ಅಂತ ಅವರೂ ನಗ್ತಾ ತಟ್ಟೆ ಮುಂದೆ ಎದ್ದು ನಿಂತರು. ನಮ್ಮ ಮನೆಯವರು ಗೋಡೆ ಹಿಡಿದು ಎದ್ದರು. ನಾನೊಬ್ಬಳು ಕೂತೇ ಇದ್ದೆ, ಮಡಿಲಲ್ಲಿ ಅವಳನ್ನ ಇಟ್ಕೊಂಡು.