ಗಿರಣಿಯವನ ದನಿ

೧೯೯೫ರಲ್ಲಿ ಏಳನೇ ತರಗತಿಗೆ ಶಾಲೆ ಬಿಟ್ಟು ಜೇವರ್ಗಿಯ ಒಂದು ಹಿಟ್ಟಿನ ಗಿರಣಿಗೆ ಕೆಲಸಕ್ಕೆ ಸೇರಿದೆ. ಈಗ ನನ್ನದೇ ಗಿರಣಿ ಇದೆ, ಯಾರ ಮುಂದೂ ಕೈ ಚಾಚದೆ ಹಾಕಿದ್ದು. ಅದರ ಸದ್ದಿನಲ್ಲಿ ಮಾತಾಡಿ ಮಾತಾಡಿ ನನ್ನ ದನಿ ದೊಡ್ಡದಾಗಿದೆ. ಪಕ್ಕದಲ್ಲಿ ಕೂತವರನ್ನೂ ಹೊಲದಾಚೆ ನಿಂತವರಂತೆ ಕರೆಯುತ್ತೇನೆ.

ಮಗಳಿಗೆ ಹದಿನೇಳು. ಆಟಿಸಂ ಇದೆ. ಲೆಕ್ಕದಲ್ಲಿ ಚುರುಕು. ಆದರೆ ನಾನು ಮನೆಯೊಳಗೆ ಕಾಲಿಟ್ಟರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಏನು ಅಂಜಿಕೆ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಕಲಬುರಗಿಯ ಕೌನ್ಸೆಲಿಂಗ್ ಮೇಡಂ ಮುಂದೆ ಮಾತ್ರ ಎಲ್ಲ ಹೇಳುತ್ತಿದ್ದಳಂತೆ. ಅಂಜಿಸುವ ವಿಚಾರ ಖರೆಯೋ ಸುಳ್ಳೋ ಎಂದು ತಾನೇ ಪರೀಕ್ಷೆ ಮಾಡಿ ನೋಡಲು ಕಲಿಸುವುದು ಅವರ ಕೆಲಸ, ಸಿಬಿಟಿ ಎನ್ನುತ್ತಾರೆ. ಗುರುವಾರ ಬಂತೆಂದರೆ ಮಗಳು ಕಲಬುರಗಿ ಬಸ್ಸಿನ ಹೊತ್ತಿಗಿಂತ ಬಹಳ ಮೊದಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕೂರುತ್ತಿದ್ದಳು. ನನ್ನ ಹಾದಿ ಕಾಯುತ್ತ ಒಮ್ಮೆಯೂ ಹಾಗೆ ಕೂತವಳಲ್ಲ.

ಮಾತಾಡಿಸುವುದೂ ಒಂದು ನೌಕರಿಯೇ ಎಂದು ಹೆಂಡತಿಯ ಮುಂದೆ ಗೊಣಗಿದೆ. ಆಕೆ ರೊಟ್ಟಿ ಬಡಿಯುತ್ತಲೇ, "ಮೇಡಂ ಮ್ಯಾಲ ಹೊಟ್ಟಿಕಿಚ್ಚೇನ್ರಿ ನಿಮಗ? ಆಕಿ ನಿಮ್ಮ ಗಿರಣಿ ಕಸಗೊಳ್ಳಾಕ ಬಂದಿಲ್ಲ. ಒಮ್ಮಿ ಬಂದು ನೋಡ್ರಿ" ಅಂದಳು.

ಗಿರಣಿ ಬಂದ್ ಮಾಡಿ ಹೋದೆ. ಮಗಳು ನನ್ನ ಕಡೆ ನೋಡದೆ ಮೇಡಂಗೆ ಹೇಳಿದಳು: "ಅಪ್ಪ ಜೋರ್ ಮಾತಾಡಿದ್ರ ನನ್ ಮ್ಯಾಲ ಸಿಟ್ಟಾಗ್ಯಾನ. ನಾ ಏನೋ ತಪ್ಪು ಮಾಡೇನಿ."

ಇಷ್ಟು ವರ್ಷ ನಾನು ಬೇಡಿದ ಮಾತು, ನನ್ನೆದುರೇ ಬೇರೆಯವರ ಕೈ ಸೇರಿತು. ಅದು ಖರೆಯೋ ಎಂದು ಅಪ್ಪನನ್ನೇ ಕೇಳಿ ನೋಡು ಎಂದ ಮೇಡಂ, ಹೇಗೆ ಕೇಳಬೇಕೆಂದೂ ಹೇಳಿಕೊಟ್ಟರು. ಮಗಳು ತಲೆಯಾಡಿಸಿದಳು. ನನ್ನ ಮಾತಿಗೆ ಆಕೆ ಹಾಗೆ ತಲೆಯಾಡಿಸಿದ್ದು ನೆನಪಿಲ್ಲ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದೆವು. ಭೂಮಿತಾಯಿಯ ಎಡೆಯೆಂದು ಬೆಳೆಗೆ ಚರಗ ಚೆಲ್ಲುತ್ತ ಪದ್ಧತಿಯಂತೆ ಕೂಗಿದೆ. ಮಗಳು ಕಿವಿ ಮುಚ್ಚಿಕೊಂಡು ಜೋಳದ ಸಾಲಿನತ್ತ ಓಡಿದಳು. ಸ್ವಲ್ಪ ಹೊತ್ತಿಗೆ ತಾನೇ ಬಂದು ನನ್ನ ಮುಂದೆ ನಿಂತಳು.

"ಅಪ್ಪಾ, ಸಿಟ್ಟೇನು? ಬರೇ ದನಿಯೇನು?"

"ಬರೇ ದನಿ, ಅವ್ವಾ."

ಕಿವಿಯಿಂದ ಕೈ ತೆಗೆದಳು. ನನ್ನ ಪಕ್ಕದಲ್ಲೇ ಕೂತು ಸಜ್ಜೆ ರೊಟ್ಟಿ, ಬಜ್ಜಿ ಉಂಡಳು.

ಈಗ ದಿನವೂ ಕೇಳುತ್ತಾಳೆ, ಮೇಡಂ ಹೇಳಿಕೊಟ್ಟಂತೆಯೇ, ಒಂದಕ್ಷರ ಬದಲಿಸದೆ. ಆ ಮಾತು ನಾನು ಕಲಿಸಿದ್ದಾಗಿರಬೇಕಿತ್ತು ಎಂದು ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ಉತ್ತರ ಕೊಡುವವನು ನಾನೇ. ಒಂದು ಗಿರಣಿ, ಎರಡೆಕರೆ ಹೊಲ, ಹೆಂಡತಿ, ಮಗಳು, ದಿನಕ್ಕೊಂದು ಪ್ರಶ್ನೆ: ಇಷ್ಟು ನನ್ನ ಹತ್ತಿರ ಇದೆ.