ನಿಂತುಹೋದ ಹೆದ್ದಾರಿಯಲ್ಲಿ ನೀರು ಕೊಟ್ಟವರು

2005ರ ಸೆಪ್ಟೆಂಬರ್ ತಿಂಗಳು. ಆಗ ನಾವು ಟೆಕ್ಸಸ್‌ನ ಹ್ಯೂಸ್ಟನ್ ನಗರದಲ್ಲಿದ್ದೆವು. ಮನೆಯಲ್ಲಿ ನಾನು, ನನ್ನ ಪತಿ ಪ್ರಸಾದ್, ನಾಲ್ಕು ವರ್ಷದ ಮಗಳು ನಿಧಿ. ಬೇಸಿಗೆಯಲ್ಲಿ ಧಾರವಾಡದಿಂದ ಬಂದಿದ್ದ ನಮ್ಮತ್ತೆಯೂ ಜೊತೆಗಿದ್ದರು. ಕೆಲವೇ ವಾರಗಳ ಹಿಂದೆ ಪಕ್ಕದ ರಾಜ್ಯದ ನ್ಯೂ ಆರ್ಲಿಯನ್ಸ್ ನಗರ ಚಂಡಮಾರುತಕ್ಕೆ ಸಿಕ್ಕು ಮುಳುಗಿದ್ದನ್ನು ಟಿ.ವಿ.ಯಲ್ಲಿ ನೋಡಿದ್ದೆವು. ಮನೆಯ ಮಾಡಿನ ಮೇಲೆ ನಿಂತು ಕೈಬೀಸುತ್ತಿದ್ದವರನ್ನು ಕಂಡು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು. ಅಷ್ಟರಲ್ಲೇ ಇನ್ನೊಂದು ದೊಡ್ಡ ಚಂಡಮಾರುತ ನಮ್ಮ ಕಡೆಗೇ ಬರುತ್ತಿದೆ, ಊರು ಬಿಡಿ ಎಂದು ಅಧಿಕಾರಿಗಳು ಹೇಳತೊಡಗಿದರು.

ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ಪ್ರಸಾದ್ ಅವರ ಗೆಳೆಯನ ಮನೆಯಿತ್ತು. ಮಾಮೂಲು ದಿನಗಳಲ್ಲಿ ಮೂರು ಗಂಟೆಯ ದಾರಿ. ಬೆಳಕು ಹರಿಯುವ ಮುಂಚೆಯೇ ಹೊರಟೆವು. ಹಿಲ್‌ಕ್ರಾಫ್ಟ್ ಬೀದಿ ದಾಟುವಾಗ ಅಲ್ಲಿನ ನಮ್ಮ ದೇಶದವರ ಅಂಗಡಿಗಳ ಗಾಜಿಗೆಲ್ಲ ಪ್ಲೈವುಡ್ ಹಲಗೆ ಹೊಡೆದಿದ್ದರು. ಒಂದು ಸೀರೆ ಅಂಗಡಿಯಲ್ಲಿ ಮಾತ್ರ ಇನ್ನೂ ಹೊಡೆದಿರಲಿಲ್ಲ. ಒಳಗೆ ರೇಷ್ಮೆ ಸೀರೆ ಉಟ್ಟ ಗೊಂಬೆ ಯಾರನ್ನೋ ಕಾಯುವಂತೆ ನಿಂತಿತ್ತು. ನಿಧಿ ಅದಕ್ಕೆ ಟಾಟಾ ಮಾಡಿದಳು.

ಹೆದ್ದಾರಿಗೆ ಬಂದ ಮೇಲೆ ಗೊತ್ತಾಯಿತು, ಇಡೀ ಊರೇ ನಮ್ಮ ಜೊತೆ ಹೊರಟಿದೆ ಎಂದು. ಕಣ್ಣು ಹಾಯುವವರೆಗೂ ಕಾರುಗಳು. ಸ್ವಲ್ಪ ಸರಿಯುವುದು, ನಿಲ್ಲುವುದು. ಬಿಸಿಲೇರಿತು. ಪೆಟ್ರೋಲ್ ಉಳಿಸಲೆಂದು ಪ್ರಸಾದ್ ಎ.ಸಿ. ಆರಿಸಿದರು. ದಾರಿಯಲ್ಲಿದ್ದ ಬಂಕ್‌ಗಳೆಲ್ಲ ಖಾಲಿ. ಕಿಟಕಿ ಇಳಿಸಿದರೆ ಬೆಂಕಿಯಂಥ ಗಾಳಿ. ಎರಡೂ ಬದಿಗೆ ಒಣಗಿದ ಹುಲ್ಲುಗಾವಲು. ಬೇಲಿಯಾಚೆ ಹಸುಗಳು ನಿಂತು ನಮ್ಮನ್ನೇ ನೋಡುತ್ತಿದ್ದವು. ದೂರದಲ್ಲಿ ರಸ್ತೆಯ ಮೇಲೆ ನೀರು ನಿಂತಂತೆ ಹೊಳೆಯುವುದು, ಹತ್ತಿರ ಹೋದರೆ ಏನೂ ಇಲ್ಲ. ನಿದ್ದೆಯಿಲ್ಲದ ಕಣ್ಣಿಗೆ ಅದೆಲ್ಲ ಯಾರೋ ಕಾಣುತ್ತಿರುವ ಕನಸಿನೊಳಗೆ ನಾವು ಸಿಕ್ಕಿಕೊಂಡ ಹಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ನಾವು ಒಯ್ದಿದ್ದ ನೀರು ಮುಗಿಯಿತು. ಒಂದು ಸಣ್ಣ ಊರಿನ ಹತ್ತಿರ ಬಂದಾಗ ಪೆಟ್ರೋಲ್ ತೀರಿ ಕಾರೂ ನಿಂತಿತು. ಪಕ್ಕದ ಕಾರಿನವರು ಇಳಿದು ಬಂದು ಅದನ್ನು ರಸ್ತೆಯ ಅಂಚಿಗೆ ತಳ್ಳಿಕೊಟ್ಟರು. ಅಷ್ಟು ಹೊತ್ತು ರಗಳೆ ಮಾಡುತ್ತಿದ್ದ ನಿಧಿ ಸುಮ್ಮನಾಗಿದ್ದಳು. ಮಲಗಿರಬೇಕು ಅಂದುಕೊಂಡೆ. ಅವಳ ಪಕ್ಕ ಕೂತಿದ್ದ ಅತ್ತೆ ಹಣೆ ಮುಟ್ಟಿ ನೋಡಿ ಗಾಬರಿಯಾದರು.

"ಸುಮಾ, ಕೂಸಿನ ಮೈ ಕಾದ ಹಂಚಿನಂಗ ಆಗ್ಯದ ನೋಡವಾ. ಕಣ್ಣಽ ಬಿಡವಲ್ತು."

ನಾನು ಅವಳನ್ನು ಎತ್ತಿಕೊಂಡೆ. ಕತ್ತು ನಿಲ್ಲುತ್ತಿರಲಿಲ್ಲ. ಹೆಸರು ಹಿಡಿದು ಕೂಗಿದರೆ ತುಟಿ ಅಲುಗಿತೇ ಹೊರತು ಮಾತಿಲ್ಲ. ಪ್ರಸಾದ್ ಆಂಬ್ಯುಲೆನ್ಸ್‌ಗೆ ಫೋನ್ ಮಾಡುತ್ತಲೇ ಇದ್ದರು, ಲೈನ್ ಸಿಗಲಿಲ್ಲ. ಸಿಕ್ಕಿದ್ದರೂ ಆ ಕಾರುಗಳ ನಡುವೆ ಆಂಬ್ಯುಲೆನ್ಸ್ ಬರುವುದಾದರೂ ಹೇಗೆ?

ಆಗಲೇ ಯಾರೋ ಕಾರಿನ ಬಾಗಿಲು ತಟ್ಟಿದರು. ಎತ್ತರದ ಕಪ್ಪು ಹೆಂಗಸು, ಐವತ್ತು ದಾಟಿದವರು. ಗಂಡಸರ ದೊಗಲೆ ಟೀ ಶರ್ಟು, ಕಾಲಿಗೆ ಅಳತೆ ಮೀರಿದ ಚಪ್ಪಲಿ, ಹೆಗಲ ಮೇಲೆ ಒದ್ದೆ ಟವೆಲ್‌ಗಳು. ಮಗುವನ್ನು ನೋಡಿದವರೇ ಎರಡೂ ಕೈ ಚಾಚಿದರು.

"ಅವಳನ್ನು ನನ್ನ ಕೈಗೆ ಕೊಡು. ಅಗೋ, ಆ ಮರದ ಹಿಂದೆ ನಮ್ಮ ಹಾಲ್ ಇದೆ. ನೆರಳಿದೆ, ಐಸ್ ಇದೆ. ನರ್ಸ್ ಕೂಡ ಇದ್ದಾರೆ."

ನಾನು ಮಗಳನ್ನು ಇನ್ನಷ್ಟು ಅಪ್ಪಿಕೊಂಡೆ. ಗುರುತಿಲ್ಲದವರ ಕೈಗೆ ಹೇಗೆ ಕೊಡಲಿ? ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಅವರೇ ಮೊದಲು ಕಾರಿನಿಂದ ಇಳಿದರು.

"ಕೊಡವಾ, ಕೊಡು. ಆಕಿ ಮಕ್ಕಳನ್ನ ಎತ್ತಿ ಆಡಿಸಿದಾಕಿ ಇದ್ದಾಳ. ಕೈ ನೋಡಿದ್ರ ತಿಳೀತದ."

ಆ ಹೆಂಗಸು ನಿಧಿಯನ್ನು ಎದೆಗೊತ್ತಿಕೊಂಡು ಸರಸರನೆ ನಡೆದರು. ದೊಡ್ಡ ಚಪ್ಪಲಿಯೊಂದು ದಾರಿಯಲ್ಲೇ ಕಳಚಿ ಬಿತ್ತು. ಅವರು ತಿರುಗಿಯೂ ನೋಡಲಿಲ್ಲ. ಅತ್ತೆ ಅದನ್ನು ಎತ್ತಿಕೊಂಡು ಹಿಂದೆ ಓಡಿದರು. ನಾನೂ ಓಡಿದೆ.

ಚರ್ಚಿಗೆ ಸೇರಿದ ಹಳೆಯ ಹಾಲ್ ಅದು. ಊರಿನವರು ಅದನ್ನು ದಾರಿಹೋಕರಿಗೆ ತೆರೆದಿಟ್ಟಿದ್ದರು. ಒಳಗೆ ಬೇಳೆಯಂಥದ್ದು ಏನೋ ಬೇಯುವ ವಾಸನೆ. ನಿವೃತ್ತ ನರ್ಸ್ ಒಬ್ಬರು ನಿಧಿಯನ್ನು ಪರೀಕ್ಷಿಸಿ, "ಬಿಸಿಲಿನ ಝಳ ತಗುಲಿದೆ. ಮೈ ತಣ್ಣಗೆ ಮಾಡಬೇಕು, ಎಚ್ಚರವಾದ ಮೇಲೆ ಸ್ವಲ್ಪಸ್ವಲ್ಪ ಕುಡಿಸಬೇಕು" ಎಂದರು. ಚಾಪೆಯ ಮೇಲೆ ಮಲಗಿಸಿ ಕಂಕುಳಿಗೆ, ಕತ್ತಿಗೆ ಒದ್ದೆ ಬಟ್ಟೆ ಇಟ್ಟರು. ಒಂದು ಬದಿಗೆ ಅತ್ತೆ, ಇನ್ನೊಂದು ಬದಿಗೆ ಆ ಹೆಂಗಸು ಕೂತು ರಟ್ಟಿನಿಂದ ಗಾಳಿ ಹಾಕತೊಡಗಿದರು. ಆಕೆ ಐಸ್ ಚೂರಿನಿಂದ ನಿಧಿಯ ತುಟಿ ಒದ್ದೆ ಮಾಡುತ್ತ ಮೆಲ್ಲಗೆ ಏನೋ ಗುನುಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಅತ್ತೆಯೂ ತಮ್ಮ ಜೋಗುಳವೊಂದನ್ನು ಗುನುಗಲು ಶುರುಮಾಡಿದರು. ಎರಡು ರಾಗ, ಎರಡು ಭಾಷೆ. ಎಲ್ಲೋ ಒಂದು ಕಡೆ ಎರಡೂ ಸೇರಿಕೊಂಡವು. ನಾನು ಗೋಡೆಗೆ ಒರಗಿ ಮಗಳ ಪಾದ ಹಿಡಿದುಕೊಂಡು ಕೂತಿದ್ದೆ. ಎಚ್ಚರವಿತ್ತೋ ಮಂಪರಿತ್ತೋ ಹೇಳಲಾರೆ. ಬಾಗಿಲಾಚೆ ಮರದ ನೆರಳು ನೆಲದ ಮೇಲೆ ಅಲುಗುತ್ತಿತ್ತು. ಹೊರಗಿನ ಕಾರುಗಳ ಸದ್ದು ಸಮುದ್ರದ ಮೊರೆತದಂತೆ ಬಂದು ಬಂದು ಹೋಗುತ್ತಿತ್ತು.

"ಮಮ್ಮಿ, ಕ್ಯಾನ್ ಐ ಹ್ಯಾವ್ ಮೋರ್ ಐಸ್?"

ಬೆಚ್ಚಿ ನೋಡಿದರೆ ನಿಧಿ ಬಾಯಿ ತೆರೆದು ಕಾಯುತ್ತಿದ್ದಾಳೆ! ನಾನು ಹೋ ಎಂದು ಅತ್ತುಬಿಟ್ಟೆ. ಪ್ರಸಾದ್ ಹೊರಗೆ ಹೋಗಿ ಕಟ್ಟೆಯ ಮೇಲೆ ಮುಖ ಮುಚ್ಚಿಕೊಂಡು ಕೂತರು.

ಸಂಜೆ ಊಟ ಬಡಿಸುವಾಗ ಆಕೆ ತಮ್ಮ ಹೆಸರು ವರ್ನಾ ಎಂದರು. "ಎಲ್ಲರೂ ಮಿಸ್ ವರ್ನಾ ಅಂತಾರೆ, ನೀನೂ ಹಾಗೇ ಕರಿ." ನಾನು ಮಾತಿಗೆಂದು, "ನಿಮ್ಮ ಮನೆ ಇಲ್ಲೇ ಹತ್ತಿರವೇ?" ಎಂದು ಕೇಳಿದೆ.

"ನನ್ನ ಮನೆ ನ್ಯೂ ಆರ್ಲಿಯನ್ಸ್‌ನಲ್ಲಿತ್ತು. ಈಗ ಅಲ್ಲಿ ನೀರಿದೆ" ಎಂದರು, ಸೌಟು ಆಡಿಸುತ್ತಲೇ.

ಅವರು ಅಲ್ಲಿ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರಂತೆ. ನೀರು ಏರಿದಾಗ ತಮ್ಮ ಲೆರಾಯ್ ಜೊತೆ ಮಾಡಿನ ಮೇಲೆ ಕೂತಿದ್ದರು. ದೋಣಿಯವರು ಪಾರು ಮಾಡಿದ ಮೇಲೆ ಜನಜಂಗುಳಿಯಲ್ಲಿ ಇವರನ್ನು ಒಂದು ಬಸ್ಸಿಗೆ, ತಮ್ಮನನ್ನು ಇನ್ನೊಂದಕ್ಕೆ ಹತ್ತಿಸಿದರು. ಇವರ ಬಸ್ಸು ಈ ಊರಿಗೆ ಬಂತು. ತಮ್ಮನದು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಹ್ಯೂಸ್ಟನ್ ಕಡೆಗೆ ಹೋಗಿರಬಹುದು ಎಂದು ಯಾರೋ ಹೇಳಿದ್ದರಂತೆ. ಊರಿನವರು ಚರ್ಚಿನ ಹಿಂದೆ ಒಂದು ಕೋಣೆ ಕೊಟ್ಟಿದ್ದರು. ಹಾಕಿಕೊಂಡಿದ್ದ ಬಟ್ಟೆ, ಚಪ್ಪಲಿ ಎಲ್ಲ ಅವರು ಕೊಟ್ಟಿದ್ದೇ.

"ನಿನ್ನೆ ಸಂಜೆ ಈ ಕಾರುಗಳ ಸಾಲು ನೋಡಿದೆ. ಒಳಗೆ ಕೂತಿರೋರಿಗೆ ಹೇಗಾಗ್ತಿರುತ್ತೆ ಅಂತ ನನಗೆ ಗೊತ್ತಲ್ವಾ? ಪಾದ್ರಿಗಳಿಗೆ ಹೇಳಿದೆ, ಹಾಲ್ ತೆಗೀರಿ, ನಾನು ಅಡುಗೆ ಮಾಡ್ತೀನಿ ಅಂತ."

ನಾನು ಇದನ್ನೆಲ್ಲ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋಗಿ, ಮಿಸ್ ವರ್ನಾ ಕೈಯಲ್ಲಿದ್ದ ಚಾಕು ತೆಗೆದುಕೊಂಡು ಆಲೂಗಡ್ಡೆ ಸಿಪ್ಪೆ ಹೆರೆಯಲು ಕೂತರು. ಮಿಸ್ ವರ್ನಾ ನಕ್ಕು ಪಕ್ಕದಲ್ಲೊಂದು ಕುರ್ಚಿ ಎಳೆದುಕೊಂಡರು. ಅವರಿಬ್ಬರೂ ತಂತಮ್ಮ ಭಾಷೆಯಲ್ಲೇ ಮಾತಾಡಿಕೊಂಡು ಕೆಲಸ ಮಾಡುವುದನ್ನು ನೋಡುತ್ತ ನಾನು ಮಗಳ ಪಕ್ಕದಲ್ಲೇ ನಿದ್ದೆಹೋದೆ.

ಬೆಳಿಗ್ಗೆ ನಿಧಿ ಹಾಲ್ ತುಂಬ ಓಡಾಡುತ್ತಿದ್ದಳು. ಪೆಟ್ರೋಲ್ ಟ್ಯಾಂಕರ್ ಬರುವವರೆಗೆ ನಾವು ಎಲ್ಲಿಗೂ ಹೋಗುವಂತಿರಲಿಲ್ಲ. ಮಿಸ್ ವರ್ನಾ ನೀರಿನ ಬಾಟಲಿಗಳ ಬುಟ್ಟಿ ಹೊತ್ತು ಹೊರಟಾಗ ನಾನೂ ಒಂದು ಬುಟ್ಟಿ ಎತ್ತಿಕೊಂಡೆ. ಹಿಂದಿನ ದಿನ ಅದೇ ರಸ್ತೆಯಲ್ಲಿ ಸಾವು ಕಂಡಷ್ಟು ಹೆದರಿದ್ದೆ. ಈಗ ಅದು ಯಾವುದೋ ಉದ್ದನೆಯ ಬೀದಿಯಂತೆ ಕಂಡಿತು. ಒಂದು ಕಾರಿನಲ್ಲಿ ಮುದುಕರೊಬ್ಬರು ತೊಡೆಯ ಮೇಲೆ ಪಂಜರ ಇಟ್ಟುಕೊಂಡಿದ್ದರು, ಒಳಗೆ ಎರಡು ಹಳದಿ ಹಕ್ಕಿ. ಇನ್ನೊಂದು ವ್ಯಾನಿನ ಹಿಂದೆ ಕಟ್ಟಿದ್ದ ಗಾಡಿಯಿಂದ ಕುದುರೆಯೊಂದು ಮೂತಿ ಹೊರಗೆ ಹಾಕಿ ನನ್ನ ಜಡೆ ಮೂಸಿತು. ಎಲ್ಲರೂ ಬಾಟಲಿ ತೆಗೆದುಕೊಂಡು ಮೊದಲು ಅದನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಬಿಳಿ ಬಿಸಿಲಿನಲ್ಲಿ, ನಿಂತ ಕಾರುಗಳ ನಡುವೆ, ನೆಲಕ್ಕೆ ಕಾಲು ಸೋಕದವಳಂತೆ ನಾನು ನಡೆಯುತ್ತಿದ್ದೆ.

ಆಗ ಒಂದು ಸಂಗತಿ ಗಮನಿಸಿದೆ. ಮಿಸ್ ವರ್ನಾ ಪ್ರತಿ ಕಿಟಕಿಯ ಬಳಿ ಬಗ್ಗಿ, ನೀರು ಕೊಟ್ಟ ಮೇಲೂ ಒಂದು ಗಳಿಗೆ ನಿಲ್ಲುತ್ತಿದ್ದರು. ಹಿಂದಿನ ಸೀಟಿನವರನ್ನೂ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದರು. ತಮ್ಮನನ್ನು ಹುಡುಕುತ್ತಿದ್ದರು. ಸಿಗದಿದ್ದಾಗ ಮುಖ ಸಣ್ಣದು ಮಾಡುತ್ತಿರಲಿಲ್ಲ. "ಹುಷಾರಾಗಿ ಹೋಗಿ, ಮುಂದೆ ಊಟ ಸಿಗುತ್ತೆ" ಎಂದು ಹೇಳಿ ಮುಂದಿನ ಕಾರಿಗೆ ಹೋಗುತ್ತಿದ್ದರು.

ಮಧ್ಯಾಹ್ನ ಟ್ಯಾಂಕರ್ ಬಂತು. ಹೊರಡುವಾಗ ನಾನು ಅವರ ಕೈ ಹಿಡಿದು, "ಚಂಡಮಾರುತ ಈ ಕಡೆಗೂ ತಿರುಗಿದರೆ? ನಮ್ಮ ಜೊತೆ ಆಸ್ಟಿನ್‌ಗೆ ಬಂದುಬಿಡಿ" ಎಂದೆ.

"ಒಲೆ ಮೇಲೆ ಅಷ್ಟು ದೊಡ್ಡ ಪಾತ್ರೆ ಇಟ್ಟಿದ್ದೀನಿ. ಬಿಟ್ಟು ಹೋದ್ರೆ ತಳ ಹತ್ತುತ್ತೆ ಮಗಳೇ" ಎಂದು ನಕ್ಕರು.

ಅತ್ತೆ ತಮ್ಮ ಕುಂಕುಮದ ಭರಣಿ ತೆಗೆದು ಅವರ ಹಣೆಗೆ ಇಟ್ಟರು. ಮಿಸ್ ವರ್ನಾ ಅದೇನೆಂದು ಕೇಳಲಿಲ್ಲ. ಕಣ್ಣು ಮುಚ್ಚಿ ಇಡಿಸಿಕೊಂಡರು.

ಚಂಡಮಾರುತ ಕೊನೆಗೆ ಪೂರ್ವಕ್ಕೆ ವಾಲಿತು. ನಮ್ಮ ಮನೆಗೆ ಏನೂ ಆಗಲಿಲ್ಲ. ಹಿತ್ತಲ ಬೇಲಿ ಬಿದ್ದಿತ್ತು, ಅಷ್ಟೆ. ನವೆಂಬರ್‌ನಲ್ಲಿ ಅತ್ತೆ ಧಾರವಾಡಕ್ಕೆ ಮರಳಿದರು. ಅದಾದ ಕೆಲವು ದಿನಕ್ಕೆ ಆ ಚರ್ಚಿಗೆ ಫೋನ್ ಮಾಡಿ ಮಿಸ್ ವರ್ನಾ ಅವರನ್ನು ಕೇಳಿದೆ. "ಅವರ ತಮ್ಮ ಡಾಲಸ್‌ನಲ್ಲಿದ್ದಾನೆ ಅಂತ ತಿಳೀತು. ಹೋದ ವಾರ ಅಲ್ಲಿಗೆ ಹೋದರು" ಎಂದಿತು ಆ ಕಡೆಯ ದನಿ. ಹೆಚ್ಚಿನ ವಿವರ ಅವರಿಗೂ ಗೊತ್ತಿರಲಿಲ್ಲ. ನಾನು ಮತ್ತೆ ಅವರನ್ನು ನೋಡಲಿಲ್ಲ. ಇಷ್ಟು ವರ್ಷವಾದರೂ ಅವರನ್ನು ನೆನೆದಾಗ ಎದೆಯೊಳಗೆ ಏನೋ ತಂಪಾದಂತಾಗುತ್ತದೆ. ನನ್ನ ಮಗಳು ಇವತ್ತು ನನ್ನೆದುರು ಇರುವುದು ಅವರು ಅಂದು ಬಾಗಿಲು ತಟ್ಟಿದ್ದರಿಂದ.

ಲೆರಾಯ್ ಸಿಕ್ಕ ಸುದ್ದಿ ತಿಳಿದ ಕೂಡಲೇ ಧಾರವಾಡಕ್ಕೆ ಫೋನ್ ಮಾಡಿ ಹೇಳಿದ್ದೆ. ಅತ್ತೆ, "ಸಿಕ್ಕನಾ? ಖರೇನ ಸಿಕ್ಕನಾ?" ಎಂದು ಎರಡು ಸಲ ಕೇಳಿ ಫೋನ್ ಇಟ್ಟುಬಿಟ್ಟರು. ಆಮೇಲೆ ಏನಾಯಿತೆಂದು ನಾದಿನಿ ಹೇಳಿದಳು. ಅತ್ತೆ ಅವತ್ತು ಹೋಳಿಗೆ ಮಾಡಿ ಓಣಿಯ ಮನೆಮನೆಗೂ ತಾವೇ ಒಯ್ದು ಕೊಟ್ಟರಂತೆ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಏನ್ ವಿಶೇಷರೀ ಎಂದು ಎಲ್ಲರೂ ಕೇಳಿದರಂತೆ.

"ನಮ್ಮ ಮಂದ್ಯಾಗ ಒಬ್ಬಾಂವ ಕಳದಹೋಗಿದ್ದ" ಅಂದರಂತೆ ಅತ್ತೆ. "ಸಿಕ್ಕಾನ."