ಬಬಲೇಶ್ವರದ ಉಸುಕು

ಎಪ್ಪತ್ತರ ದಶಕದಲ್ಲಿ ವಿಜಾಪುರದ ನಮ್ಮ ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಮೀನುಗಳು ಎರಡು ವರ್ಷದಿಂದ ಆರಾಮಾಗಿದ್ದವು. ತಳಕ್ಕೆ ಗೇಣು ದಪ್ಪ ಉಸುಕು ಹಾಕುವ ಹುಚ್ಚು ನನಗೆ ಹಿಡಿಯಿತು. ಮನೆ ಕಟ್ಟುವ ಬಬಲೇಶ್ವರದ ಗೌಂಡಿಯೊಬ್ಬ ಒಂದು ಚೀಲ ತಂದುಕೊಟ್ಟ. ಆ ಕಡೆಯ ಡೋಣಿ ಹೊಳೆಯ ನೀರು ಉಪ್ಪು, ನನಗೆ ಅನುಮಾನ.

"ಇದು ಡೋಣಿ ಉಸುಕು ಹೌದಿಲ್ಲೋ?"

"ಕೃಷ್ಣಾ ಹೊಳೀದರಿ, ನಾಲಿಗಿಗೆ ಹಚ್ಚಿ ನೋಡ್ರಿ" ಎಂದ.

ಹಚ್ಚಿದೆ. ಉಪ್ಪಿರಲಿಲ್ಲ. ಆದರೂ ಅವನನ್ನು ನಂಬದೆ, ಹಿತ್ತಲ ಬಾವಿಯ ನೀರು ಸೇದಿ ಏಳು ಸಲ ತೊಳೆದು ಪೆಟ್ಟಿಗೆಗೆ ಸುರಿದೆ; ಬಾವಿಯ ನೀರನ್ನೇ ತುಂಬಿ ಮೀನುಗಳನ್ನು ಬಿಟ್ಟೆ.

ಮರುದಿನ ಮೀನುಗಳೆಲ್ಲ ಸತ್ತು ತೇಲುತ್ತಿದ್ದವು. ಗೌಂಡಿಯನ್ನು ಬೈಯುತ್ತಾ ಚಪ್ಪಲಿ ಮೆಟ್ಟಿದೆ. ಬಾಗಿಲಲ್ಲಿ ಅವ್ವ ಅಡ್ಡ ನಿಂತಳು.

"ನಮ್ಮ ಬಾವಿ ನೀರು ನಾಲಿಗಿಗೆ ಹಚ್ಚಿ ನೋಡಿದ್ಯೇನಪಾ? ಅದರಾಗ ಬ್ಯಾಳಿ ಸೈತ ಬೇಯೂದಿಲ್ಲ. ಎರಡು ವರ್ಷ ನಿನ್ನ ಮೀನಿಗೆ ನಳದ ನೀರು ಹೊತ್ತಾಕಿ ನಾ."